ಒಬ್ಬಳೇ ನಡೆಸಿದ ಆರಾಧನೆ

ನನಗೆ ಕ್ರೈಸ್ತ ಸಭೆಯಲ್ಲಿ ದೃಢೀಕರಣವಾದಾಗ ಹದಿನೈದು ವರ್ಷ. ಅಪ್ಪ ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಸ್ಟೇಷನ್ನಿನ ಹಿಂದೆ ಹೆಂಚಿನ ಒಂದು ಕೋಣೆ, ಮುಂದೆ ಸಣ್ಣ ಜಗಲಿ. ಅದೇ ನಮ್ಮ ಪ್ರಾರ್ಥನೆಯ ಮನೆ. ರೈಲ್ವೆಯಲ್ಲಿದ್ದ ಆರೇಳು ಕ್ರೈಸ್ತ ಕುಟುಂಬಗಳು ಅಲ್ಲಿ ಸೇರುತ್ತಿದ್ದವು. ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ಮಂಡ್ಯದಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು.

ದೃಢೀಕರಣದ ದಿನ, ನಾವು ಸಭೆಯ ಮುಂದೆ ನಮ್ಮ ನಂಬಿಕೆಯನ್ನು ಒಪ್ಪಿಕೊಂಡ ಮೇಲೆ, ಅವರು ಮೂವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಾನು, ಸಿಗ್ನಲ್ ಮೇಸ್ತ್ರಿಯ ಮಗಳು, ಹಳಿ ರಿಪೇರಿಯವರ ಗುಂಪಿನಲ್ಲಿದ್ದವರೊಬ್ಬರ ಮಗ. ಕಾಫಿ, ಉಪ್ಪಿಟ್ಟು ಮುಗಿದ ಮೇಲೆ ಅಯ್ಯನವರು ನಮ್ಮನ್ನು ಜಗಲಿಗೆ ಕರೆದರು.

"ಮುಂದಿನ ಭಾನುವಾರ ಏನು ಮಾಡ್ತೀರಿ?"

"ಬರ್ತೀವಿ ಅಯ್ಯನವರೇ," ಎಂದ ಹುಡುಗ.

"ಅದರ ಮುಂದಿನ ಭಾನುವಾರ?"

ನಾವು ನಕ್ಕೆವು. ಅವರು ನಗಲಿಲ್ಲ. ದೃಢೀಕರಣದ ಪಾಠದ ಪುಸ್ತಕದಲ್ಲಿದ್ದ ಅಷ್ಟೂ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠವಾಗಿತ್ತು, ಇದೊಂದು ಪ್ರಶ್ನೆ ಅದರಲ್ಲಿ ಇರಲಿಲ್ಲ. ನಮ್ಮ ಮನೆ ಹತ್ತಿರವೆಂದು ಪ್ರಾರ್ಥನೆಯ ಮನೆಯ ಬೀಗದ ಕೈ ನನಗೆ ಕೊಟ್ಟು, "ಯಾರು ಬರಲಿ ಬಿಡಲಿ, ಒಂಬತ್ತು ಗಂಟೆಗೆ ಬಾಗಿಲು ತೆಗಿ," ಎಂದರು.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಯುದ್ಧ ಬಂತು. ಮೇಸ್ತ್ರಿಯ ಮಗಳು ಮದುವೆಯಾಗಿ ಕೋಲಾರದ ಚಿನ್ನದ ಗಣಿಯ ಕಡೆ ಹೋದಳು. ಹುಡುಗ ಮಿಲಿಟರಿಗೆ ಸೇರಿದ. ಉಳಿದ ಮನೆಯವರಿಗೆ ಒಬ್ಬೊಬ್ಬರಾಗಿ ವರ್ಗವಾಯಿತು. ಅಯ್ಯನವರಿಗೆ ಉಬ್ಬಸ ಹೆಚ್ಚಾಗಿ ಎರಡು ಮೂರು ತಿಂಗಳಿಗೊಮ್ಮೆ ಬರುವಂತಾಯಿತು. ಅಪ್ಪನಿಗೆ ಭಾನುವಾರವೇ ಡ್ಯೂಟಿ.

ಹೀಗೆ ಒಂದು ಭಾನುವಾರ ನಾನು ಬಾಗಿಲು ತೆಗೆದು, ಚಾಪೆ ಹಾಸಿ, ಹತ್ತೂವರೆಯವರೆಗೆ ಕಾದೆ. ಯಾರೂ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಮೂರನೆಯ ವಾರ ಆರಾಧನೆಯ ಪುಸ್ತಕ ತೆಗೆದು ಅಯ್ಯನವರು ಹೇಳಬೇಕಾದ್ದನ್ನೂ ಸಭೆ ಹೇಳಬೇಕಾದ್ದನ್ನೂ ನಾನೇ ಓದಿದೆ. ಮೊದಲು ಮನಸ್ಸಿನಲ್ಲಿ, ಆಮೇಲೆ ಆ ನಿಶ್ಶಬ್ದ ತಡೆಯಲಾರದೆ ಗಟ್ಟಿಯಾಗಿ. ಪಾತ್ರೆಗೆ ಕಲಾಯಿ ಹಾಕುವ ಸಾಬರ ಮನೆ ಪಕ್ಕದಲ್ಲೇ ಇತ್ತು. ಅವರ ಹೆಂಡತಿ ಬೂಬಮ್ಮ ಬಾಗಿಲಲ್ಲಿ ಇಣುಕಿದರು.

"ಯಾರವ್ವ ಒಳಗೆ ಬಂದಿರೋದು?"

"ಯಾರೂ ಇಲ್ಲ ಬೂಬಮ್ಮ."

"ಮತ್ಯಾರ ಜೊತೇಲಿ ಮಾತಾಡ್ತಿದ್ದೆ?"

ದೇವರ ಜೊತೆ ಎನ್ನಬಹುದಿತ್ತು. ಆ ದಿನ ನನಗೆ ಅದು ನಿಜವೆನಿಸಲಿಲ್ಲ. ಪುಸ್ತಕ ಮುಚ್ಚಿದೆ. ಬೂಬಮ್ಮ ನನ್ನ ಮುಖ ನೋಡಿ, "ಆಯ್ತು, ಮಾತಾಡು ಬುಡವ್ವ," ಎಂದು ಹೊರಟುಹೋದರು.

ಹಾಗೆ ಎಷ್ಟೋ ಭಾನುವಾರಗಳು. ಓದುತ್ತಾ ಓದುತ್ತಾ ಕಣ್ಣು ಗೋಡೆಯ ಹಲ್ಲಿಯ ಮೇಲೆ ಹೋಗುತ್ತಿತ್ತು. ನನ್ನ ನಂಬಿಕೆ ಹದಿನೈದನೆಯ ವಯಸ್ಸಿನಲ್ಲೇ ನಿಂತುಬಿಟ್ಟಿದೆ, ನಾನು ಮಾತ್ರ ಬೆಳೆಯುತ್ತಿದ್ದೇನೆ ಎನಿಸುತ್ತಿತ್ತು. ಹೇಳಿಕೊಳ್ಳೋಣವೆಂದರೆ ಯಾರಿದ್ದರು?

ಒಮ್ಮೆ, ಬೇಸಿಗೆ ಶುರುವಾಗುತ್ತಿದ್ದಾಗ, ನಮಗೆ ಹಾಲು ಕೊಡುತ್ತಿದ್ದ ಗೌಡರ ಮನೆಯ ಹೆಂಗಸರು ಕೊಕ್ಕರೆ ಬೆಳ್ಳೂರಿಗೆ ಗಾಡಿ ಕಟ್ಟಿದರು. "ಬಾರವ್ವ, ಒಬ್ಳೇ ಕೂತ್ಕಂಡು ಏನ್ ಮಾಡೀಯೆ?" ಎಂದು ಕರೆದರು. ಅದು ಭಾನುವಾರ. ಅಪ್ಪ ಆಗಲೇ ಡ್ಯೂಟಿಗೆ ಹೋಗಿದ್ದರು. ನಾನು ಒಂದು ಕ್ಷಣವೂ ಯೋಚಿಸದೆ ಗಾಡಿ ಹತ್ತಿದೆ. ಊರ ನಡುವಿನ ಹುಣಸೆಮರಗಳ ತುಂಬ ಕೊಕ್ಕರೆಗಳ ಗೂಡುಗಳು, ಕೆಳಗೆ ಬಿಳಿ ಹಿಕ್ಕೆ, ಮೀನಿನ ವಾಸನೆ, ಮರಿಗಳ ಗಲಾಟೆ. ಗೌಡರ ಸೊಸೆ ಬುತ್ತಿಯ ರೊಟ್ಟಿ ಮುರಿದು ಕೊಟ್ಟಳು. ಬಹಳ ದಿನದ ಮೇಲೆ ನಾನು ಜೋರಾಗಿ ನಕ್ಕಿದ್ದೆ. ಬಾಗಿಲ ನೆನಪೇ ಬರಲಿಲ್ಲ.

ಸಂಜೆ ಗಾಡಿ ಇಳಿಯುವಾಗ ಬೂಬಮ್ಮ ಎದುರಿಗೆ ಬಂದರು. "ಎಲ್ಲಿಗ್ ಓಗಿದ್ದವ್ವ? ಮಿಲ್ಟ್ರಿ ಬಟ್ಟೆ ಆಕ್ಕೊಂಡು ಒಬ್ಬ ಹೈದ ಬಂದಿದ್ದ. ಜಗ್ಲಿ ಮ್ಯಾಲೆ ಬಾಳ ಹೊತ್ತು ಕೂತಿದ್ದ. ನೀರು ಕೊಟ್ಟೆ, ಕುಡ್ದು ಒಂಟೋದ."

ಅಪ್ಪ ಮನೆಗೆ ಬಂದಾಗ ಕೇಳಿದೆ. ಅವರು ತಲೆಯ ವಸ್ತ್ರ ಬಿಚ್ಚುತ್ತಾ, "ನಿನ್ ಜೊತೆ ದೃಢೀಕರಣ ಆಯ್ತಲ್ಲ, ಆ ಹುಡುಗ ಕಣವ್ವ. ರಜ ಮುಗ್ಸಿ ಹೊರಟಿದ್ದ. ಮುಂದ್ಕೆ ಬರ್ಮಾ ಗಡಿಗೆ ಹಾಕವ್ರಂತೆ. ನಾನೇ ಕಳಿಸ್ದೆ, ನೀನು ಬಾಗ್ಲು ತೆಗ್ದಿರ್ತೀಯ ಅಂತ," ಎಂದರು. ಆಮೇಲೆ ನನ್ನ ಮುಖ ನೋಡಿ, ವಸ್ತ್ರ ಮಡಿಚಿಟ್ಟು ಕೈಕಾಲು ತೊಳೆಯಲು ಹೋದರು.

ಅವನಿಗೆ ಕಾಗದ ಬರೆಯಲು ವಿಳಾಸ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಆದರೆ ಅದು ಭಕ್ತಿಯಲ್ಲ, ಹೆದರಿಕೆ. ಅಯ್ಯನವರು ಮತ್ತೆ ಬಂದಾಗ ಎಲ್ಲವನ್ನೂ ಹೇಳಿ ಅತ್ತೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಉಸಿರು ಸುಧಾರಿಸಿಕೊಂಡು ನಿಧಾನವಾಗಿ ಹೇಳಿದರು:

"ನಿನಗೆ ಬೀಗದ ಕೈ ಕೊಟ್ಟೆನಮ್ಮ. ಜೊತೆ ಕೊಡಲಿಲ್ಲ. ಅದು ನನ್ನ ತಪ್ಪು. ಇನ್ನು ಮೇಲೆ ವಾರಕ್ಕೊಂದು ಕಾರ್ಡು ಬರಿ. ಉತ್ತರ ಬೇಡ, ನಿನಗೆ ಬಂದ ಪ್ರಶ್ನೆ ಬರಿ."

ಮೊದಲ ಕಾರ್ಡಿನಲ್ಲಿ, ಅಷ್ಟು ಪ್ರಾರ್ಥನೆ ಮಾಡಿದರೂ ನಮ್ಮಮ್ಮ ಯಾಕೆ ಉಳಿಯಲಿಲ್ಲ ಎಂದು ಬರೆದೆ. ಹತ್ತು ದಿನದ ಮೇಲೆ ಅವರ ನಡುಗುವ ಅಕ್ಷರದಲ್ಲಿ ಉತ್ತರ ಬಂತು: ನನಗೂ ತಿಳಿಯದು. ನನ್ನ ಮಗ ತೀರಿಹೋದಾಗಿನಿಂದ ನಾನೂ ಕೇಳುತ್ತಿದ್ದೇನೆ. ಮುಂದಿನ ವಾರ ತಪ್ಪದೆ ಬರಿ.

ಅವರಿಗೆ ಮಗನಿದ್ದನೆಂದೇ ನನಗೆ ಗೊತ್ತಿರಲಿಲ್ಲ. ಆ ಕಾರ್ಡನ್ನು ಎಷ್ಟು ಸಲ ಓದಿದೆನೋ. ಕೋಣೆ ಖಾಲಿಯಾಗಿಯೇ ಇತ್ತು. ಆದರೆ ಆ ವಾರದಿಂದ ನಾನು ಓದುವಾಗ ನಿಲ್ಲಿಸಿ ಯೋಚಿಸತೊಡಗಿದೆ. ಸಿಟ್ಟು ಬಂದರೆ ಸಿಟ್ಟನ್ನೂ ದೇವರಿಗೇ ಹೇಳಿದೆ.

ಯುದ್ಧ ಮುಗಿದು ಕೆಲವು ತಿಂಗಳಾದ ಮೇಲೆ ಮಂಡ್ಯದ ಸ್ಟೇಷನ್ನಿನಲ್ಲಿ ಮಿಲಿಟರಿಗೆ ಹೋಗಿದ್ದ ಆ ಹುಡುಗ ಸಿಕ್ಕಿದ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ. ಮಲೇರಿಯಾದಿಂದ ಮುಖ ಹಳದಿಯಾಗಿತ್ತು.

"ಆವತ್ತು ನಾನು ಬಾಗಿಲು ತೆಗೆದಿರಲಿಲ್ಲ. ಕ್ಷಮಿಸು," ಎಂದೆ.

"ಅದನ್ನ ಇನ್ನೂ ಇಟ್ಕೊಂಡಿದ್ದೀಯಾ? ಬುಡು. ಒಳಗೆ ಓಗೋಕೆ ನಂಗೂ ಭಯಾನೇ ಇತ್ತು ಕಣಮ್ಮ. ಬೀಗ ನೋಡಿ ಒಂದ್ ಕಡೆ ನೆಮ್ಮದೀನೂ ಆಯ್ತು."

"ಈಗ ಆರಾಧನೆಗೆ ಹೋಗ್ತೀಯಾ?"

"ಇಲ್ಲ. ಬರ್ಮಾ ಕಡೆ ನೋಡಿದ್ದನ್ನ ನೋಡಿದ್ಮೇಲೆ ಪ್ರಾರ್ಥನೆಗೆ ಬಾಯಿ ಬರಲ್ಲ."

ಮೊದಲಾಗಿದ್ದರೆ ಪಾಠದ ಪುಸ್ತಕದ ಉತ್ತರವೊಂದನ್ನು ಹೇಳಿಬಿಡುತ್ತಿದ್ದೆ. "ಬಾಯಿ ಬರದಿದ್ರೆ ಸುಮ್ಮನೆ ಕೂರು," ಎಂದೆ. ಅವನು ಎರಡು ಸಲ ಮದ್ದೂರಿಗೆ ಬಂದ. ಗೋಡೆಗೆ ಒರಗಿ ಕೂತು, ಏನೂ ಹೇಳದೆ ಹೋದ. ಆಮೇಲೆ ಬರಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ಮಂಡ್ಯದಲ್ಲಿ ಆರು ಮಂದಿಗೆ ದೃಢೀಕರಣವಾಯಿತು. ಅವರಿಗೆ ಎರಡು ಮಾತು ಹೇಳೆಂದು ಅಯ್ಯನವರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ದೊಡ್ಡ ಮಾತು ನನಗೆ ಬರುತ್ತಿರಲಿಲ್ಲ. ಕೊಕ್ಕರೆ ನೋಡಲು ಹೋದ ಭಾನುವಾರದ ಕಥೆಯನ್ನೇ ಹೇಳಿದೆ. "ಇವತ್ತು ಎಲ್ಲರೂ ಇದ್ದೀರಿ. ನಾಳೆ ಒಬ್ಬೊಬ್ಬರು ಒಂದೊಂದು ಊರಲ್ಲಿರ್ತೀರಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಒಬ್ಬರಿಗೊಬ್ಬರು ಬರೀರಿ," ಎಂದು ನನ್ನ ವಿಳಾಸವನ್ನೂ ಕೊಟ್ಟೆ.

ಅವರಲ್ಲೊಬ್ಬಳು ಸೂಲಗಿತ್ತಿ ಕೆಲಸ ಕಲಿತು ಸರ್ಕಾರಿ ಆಸ್ಪತ್ರೆಯ ಕೆಲಸದ ಮೇಲೆ ಬೆಳಕವಾಡಿಗೆ ಹೋಗಿದ್ದಳು. ಅವಳೊಬ್ಬಳೇ ಬರೆದಳು: ಅಕ್ಕ, ಈ ಊರಲ್ಲಿ ನಾನೊಬ್ಬಳೇ. ಪುಸ್ತಕ ತೆಗೆದು ಒಂದು ತಿಂಗಳಾಯಿತು.

ನಾನು ಶನಿವಾರವೇ ಮಳವಳ್ಳಿಯ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೋದೆ. ಅವಳು ಮುದ್ದೆ, ಸೊಪ್ಪಿನ ಸಾರು ಮಾಡಿದ್ದಳು. ಮರುದಿನ ಇಬ್ಬರೂ ಪ್ರಾರ್ಥನೆ ಮಾಡಿದೆವು. ಬಸ್ಸು ಬರುವವರೆಗೂ ಅವಳು ನನ್ನ ಕೈ ಬಿಡಲಿಲ್ಲ. ಹಾಗೆ ನಾಲ್ಕು ಸಲ ಹೋಗಿಬಂದೆ. ಆಮೇಲೆ ಅವಳಿಗೆ ದೂರದ ಊರಿಗೆ ವರ್ಗವಾಯಿತು, ಕಾಗದ ನಿಂತಿತು. ಈಗ ಅವಳು ಎಲ್ಲಿದ್ದಾಳೋ, ಭಾನುವಾರ ಏನು ಮಾಡುತ್ತಾಳೋ ನನಗೆ ತಿಳಿಯದು.