ಆಯಿ ಮರಳಿ ಹಾಕದ ಅಕ್ಕಿ

ಪುಣೆಯ ರೈಲು ಬೆಳಿಗ್ಗೆ ನನ್ನನ್ನು ಹಾವೇರಿಯಲ್ಲಿ ಇಳಿಸಿತು. ಚೀಲದಲ್ಲಿ ಒಂದು ಜೊತೆ ಬಟ್ಟೆ, ಜೊತೆಗೆ ಕುಬಸದ ಕಣದ ಬಟ್ಟೆಯಲ್ಲಿ ಕಟ್ಟಿದ ಹಿಡಿ ಅಕ್ಕಿ. ಅಕ್ಕಿ ಕೊಟ್ಟವಳು ನನ್ನ ಅಜ್ಜಿ. ನಾವು ಆಯಿ ಎನ್ನುತ್ತೇವೆ. ಅದನ್ನು ಕದರಮಂಡಲಗಿಯ ಅವಳ ತವರಿಗೆ ಮುಟ್ಟಿಸಬೇಕಿತ್ತು.

ಮದುವೆಯಾದ ಹೊಸತರಲ್ಲೇ ಅಜ್ಜನಿಗೆ ಪುಣೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಅವಳ ಅವ್ವ ಉಡಿ ತುಂಬಿದಳು. ಸೆರಗಿಗೆ ಬಿದ್ದ ಆ ಅಕ್ಕಿಯಲ್ಲಿ ನಾಲ್ಕು ಕಾಳನ್ನು ಮಗಳು ತವರಿಗೇ ಮರಳಿ ಹಾಕಿ ಹೊಸ್ತಿಲು ದಾಟಬೇಕು, ಮನೆಯ ಸಿರಿಯನ್ನೆಲ್ಲ ಬಳಿದುಕೊಂಡು ಹೋಗಬಾರದು. ಬಸ್ಸಿನ ಗಡಿಬಿಡಿಯಲ್ಲಿ ಆಯಿ ಮರೆತಳು. ಅದೇ ವರ್ಷ ಅವಳ ಅಣ್ಣ ತೀರಿಕೊಂಡ. ತನ್ನಿಂದಲೇ ಮನೆ ಮುರಿಯಿತೆಂದುಕೊಂಡ ಆಯಿ ಮತ್ತೆ ಅತ್ತ ಮುಖ ಹಾಕಲಿಲ್ಲ. ತಮ್ಮ ಕರೆಯಲು ಬಂದಾಗಲೆಲ್ಲ ಏನೋ ನೆಪ. ಈಗ ಮೊಣಕಾಲು ಹಿಡಿದು ಹಾಸಿಗೆಯಲ್ಲಿದ್ದಾಳೆ.

‘ಪರಮುಲುಕಿನ್ಯಾಗ ಸಾಯಾಕತ್ತೇನಿ. ಅಷ್ಟರಾಗ ಆ ಅಕ್ಕಿ ಹಾಕಿ ಬಾರವ್ವಾ’ ಎಂದಳು. ಇಷ್ಟು ವರ್ಷ ಪುಣೆಯಲ್ಲಿದ್ದರೂ ಅವಳಿಗೆ ಅದು ಪರಮುಲುಕೇ.

ಹಾವೇರಿಯ ಬಸ್‌ಸ್ಟ್ಯಾಂಡಿನ ಎದುರು ಚಹಾ, ಮಂಡಕ್ಕಿ ಮುಗಿಸಿ ಬ್ಯಾಡಗಿ ಬಸ್ಸು ಹತ್ತಿದೆ. ಹೆಣ್ಣುಮಕ್ಕಳಿಗೆ ಪ್ರಯಾಣ ಪುಕ್ಕಟೆ ಎಂದು ಠೀವಿಯಿಂದ ಆಧಾರ್ ತೋರಿಸಿದೆ. ಕಂಡಕ್ಟರ್ ತಿರುಗಿಸಿ ನೋಡಿದ.

‘ಪುಣೇದು ನಡಿಯಂಗಿಲ್ರಿ. ಟಿಕೀಟ್ ತಗೋರಿ.’

‘ನಮ್ಮ ಆಯಿ ಇದೇ ಕಡೆಯಾಕಿರಿ!’

‘ಹಂಗಾರ ಆಯೀನ ಕರಕೊಂಡು ಬರಬೇಕಿತ್ತಲ್ರಿ’ ಎಂದು ನಕ್ಕು ಟಿಕೀಟು ಹರಿದ. ನಾನೂ ನಕ್ಕೆ, ಆದರೆ ಮಾತು ಚುಚ್ಚಿತು.

ಬ್ಯಾಡಗಿಯಲ್ಲಿ ಇಳಿಯುತ್ತಲೇ ಮೆಣಸಿನಕಾಯಿಯ ಘಾಟು ಮೂಗಿಗೆ ಏರಿತು. ಸುಗ್ಗಿ ಜೋರಾಗಿತ್ತು. ಸೀನಿ ಸೀನಿ ಕಣ್ಣಲ್ಲಿ ನೀರು. ಆಟೋದವ, ‘ನಮ್ಮೂರಾಗ ಹೊಸಬರು ಅತ್ತಕೋತನ ಬರ್ತಾರ್ರಿ’ ಎಂದ. ಕದರಮಂಡಲಗಿಯಲ್ಲಿ ಹನುಮಪ್ಪನ ಗುಡಿಗೆ ಕೈಮುಗಿದು ಮನೆ ಕೇಳಿಕೊಂಡು ಹೋದೆ. ಬಿಸಿಲು ನೆತ್ತಿ ಸುಡುತ್ತಿತ್ತು.

ಬಾಗಿಲು ತೆರೆದವರು ಆಯಿಯ ತಮ್ಮನ ಹೆಂಡತಿ, ಶಾಂತವ್ವಜ್ಜಿ. ಯಾರ ಮೊಮ್ಮಗಳೆಂದು ಹೇಳಿದ್ದೇ ತಡ, ಗಲ್ಲ ಹಿಡಿದು ನೆಟಿಕೆ ಮುರಿದರು. ರೊಟ್ಟಿ, ಬದನೆಕಾಯಿ ಪಲ್ಯ, ಕೆನೆಮೊಸರು ಬಡಿಸಿದರು. ಉಂಡ ಮೇಲೆ ಗಂಟು ಬಿಚ್ಚಿ ವಿಷಯ ಹೇಳಿದೆ.

‘ಯವ್ವಾ, ಇಷ್ಟಕ್ಕ ಬರಲಿಲ್ಲೇನ ಆಕಿ?’ ಅಜ್ಜಿ ಹಣೆ ಬಡಿದುಕೊಂಡರು. ‘ಆಕಿ ಅಣ್ಣ ಜ್ವರಾ ಬಂದು ಸತ್ತ. ಅಕ್ಕಿ ಏನ್ ಮಾಡೀತು? ಆಕಿ ಮರತದ್ದು ನಮ್ಮತ್ತಿ ಕಂಡಿದ್ಲು. ಕಂಡೂ ಬೇಕಂತನ ಸುಮ್ಮನಿದ್ಲಂತ. “ಅಕ್ಕಿ ಹಾಕಾಕಾದ್ರೂ ತಿರುಗಿ ಬರ್ತಾಳ, ಯಾರೂ ನೆನಪು ಮಾಡಬ್ಯಾಡ್ರಿ” ಅಂತಿದ್ಲು. ಸಾಯೂತನಕ ಪಂಚಮಿಗೊಮ್ಮೆ ಬಾಗಲಾ ನೋಡೂದು ಬಿಡಲಿಲ್ಲ.’

ನನಗೆ ಅಳು ತಡೆಯಲಾಗಲಿಲ್ಲ. ಈ ಸಲ ಮೆಣಸಿನಕಾಯಿಯ ನೆಪವೂ ಇರಲಿಲ್ಲ. ಅವ್ವ ಅಕ್ಕಿಯ ಮಾತೆತ್ತದೆ ಕಾದಳು, ಮಗಳು ಹೆದರಿ ಬರಲಿಲ್ಲ. ಒಂದು ಮಾತು ಆಡಿದ್ದರೆ ಸಾಕಿತ್ತು.

ಆಯಿಯ ಅಕ್ಕಿಯನ್ನು ಅಜ್ಜಿ ದೇವರ ಮುಂದಿಟ್ಟು, ರಾತ್ರಿಯ ಅನ್ನಕ್ಕೆ ಹಾಕುವೆನೆಂದರು. ಆಮೇಲೆ ನನ್ನನ್ನು ಮಣೆಯ ಮೇಲೆ ಕೂರಿಸಿ, ‘ಸೀರಿ ಉಟ್ಕೊಂಡು ಬರಾಕ ಏನಾಗಿತ್ತ?’ ಎಂದು ಬೈಯುತ್ತಲೇ ದುಪಟ್ಟಾದಲ್ಲಿ ಉಡಿ ತುಂಬಿದರು: ಅಕ್ಕಿ, ಕೊಬ್ಬರಿ, ಅರಿಸಿನದ ಬೇರು, ಬೆಲ್ಲ. ಹೊಸ್ತಿಲ ಬಳಿ ನಾಲ್ಕು ಕಾಳು ಮರಳಿ ಹಾಕಲು ಕೈ ಹಾಕಿದೆ. ಅಜ್ಜಿ ಗಪ್ಪನೆ ಕೈ ಹಿಡಿದರು.

‘ಬ್ಯಾಡ. ನೀನೂ ಮರತು ಹೋಗು.’

ಸಂಜೆ ರಾಣೆಬೆನ್ನೂರಿಗೆ ಬಂದು, ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಆಯಿಗೆ ಫೋನು ಮಾಡಿ ಎಲ್ಲ ಹೇಳಿದೆ.

‘ಅಂದ್ರ, ಅವ್ವಗ ನನ್ನ ಮ್ಯಾಲ ಸಿಟ್ಟಿರಲಿಲ್ಲೇನ?’

‘ಇರಲಿಲ್ಲ ಆಯಿ.’

ರೈಲು ಬಂದು ನಿಂತಿತು. ಒಂದು ಕೈಯಲ್ಲಿ ಉಡಿ ಹಿಡಿದುಕೊಂಡೇ ಹತ್ತಿದೆ. ಫೋನಿನಲ್ಲಿ ಆಯಿ ಸಣ್ಣ ಹುಡುಗಿಯಂತೆ ಮತ್ತೆ ಕೇಳುತ್ತಿದ್ದಳು: ‘ಖರೇನ? ಸಿಟ್ಟಿರಲಿಲ್ಲೇನ?’