ಒಂದು ಮನೆ, ಒಂದು ಒಲೆ

ನಗರ ಯೋಜನಾ ಕಚೇರಿಯಲ್ಲಿ ಅವಳಿಗೆ ‘ಅಂದರೆ ಮೇಡಂ’ ಎಂದೇ ಹೆಸರು. ಕಟ್ಟಡ ನಿಯಮಗಳ ಮೊದಲ ಪುಟಗಳನ್ನು ಬರೆಯುವುದು ಅವಳ ಕೆಲಸ. ಅಂಗಡಿ ಅಂದರೆ ಏನು, ಗೋದಾಮು ಅಂದರೆ ಏನು, ಮೇಲೆ ತಗಡು ಹೊದಿಸಿದ ಅಂಗಳ ಇನ್ನೂ ಅಂಗಳವೇ ಅಥವಾ ಕೋಣೆಯೇ. ಜನ ನಗುತ್ತಿದ್ದರು. ಅಲ್ಲಿ ಒಂದು ಮಾತು ಸಡಿಲಾದರೆ ಊರಲ್ಲಿ ಒಂದು ಮಹಡಿ ಹೆಚ್ಚಿಗೆ ಏಳುತ್ತದೆ ಎನ್ನುವುದು ನಗುವವರಿಗೇನು ಗೊತ್ತು?

ಅವಳದೊಂದು ಪದ್ಧತಿ ಇತ್ತು. ಹೊಸ ವಾಕ್ಯ ಬರೆದರೆ ಅದನ್ನು ಮೆಲುಕು ಹಾಕುತ್ತಾ ಬೀದಿ ಬೀದಿ ಸುತ್ತುವುದು, ಪ್ರತಿ ಬಾಗಿಲ ಮುಂದೆ ನಿಂತು ಇದಕ್ಕೆ ಹೊಂದುತ್ತದೆಯೇ ಎಂದು ನೋಡುವುದು. ಬೀದಿನಾಯಿಗಳು ಕೂಡ ಅವಳನ್ನು ಕಂಡರೆ ಬೊಗಳುವುದನ್ನು ಬಿಟ್ಟಿದ್ದವು.

ಈ ಸಲದ ವಾಕ್ಯ ಚಿಕ್ಕದು. ಒಂದು ಮನೆ ಅಂದರೆ ಒಂದೇ ಅಡುಗೆಮನೆ ಇರುವ ವಾಸಸ್ಥಳ. ಎರಡನೇ ಒಲೆ ಹತ್ತಿದರೆ ಅದು ಎರಡು ಮನೆ, ಒಂಟಿಮನೆಗಳ ಬಡಾವಣೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಹಿಂದಿನ ಬೇಸಿಗೆಯಲ್ಲಿ ಗುತ್ತಿಗೆದಾರನೊಬ್ಬ ಒಂದು ಮನೆಯನ್ನು ಗೂಡುಗೂಡಾಗಿ ಸೀಳಿ, ಗೂಡಿಗೊಂದು ಒಲೆ ಇಟ್ಟು ಬಾಡಿಗೆಗೆ ಬಿಟ್ಟಿದ್ದ. ಬೆಂಕಿ ಬಿದ್ದಾಗ ಇಳಿಯಲು ಇದ್ದದ್ದು ಒಂದೇ ಮೆಟ್ಟಿಲು. ಒಬ್ಬ ತಾಯಿ, ಅವಳ ಮಗಳು ಮೇಲೆಯೇ ಉಳಿದುಹೋದರು. ಆ ಸುಟ್ಟ ಮೆಟ್ಟಿಲನ್ನು ಅಳೆಯಲು ಹೋದವಳು ಇವಳೇ.

ಅಹವಾಲು ಸಭೆಯ ದಿನ ಅದೇ ಗುತ್ತಿಗೆದಾರ ಎದ್ದು ನಿಂತ. ದನಿ ಬಲು ಮೆತ್ತಗಿತ್ತು.

“ಮೇಡಂ, ನಿಮ್ಮ ಮನೇಲಿ ಕೆಳಗೊಂದು ಕುಕ್ಕರ್ ಕೂಗುತ್ತೆ, ಮೇಲೊಂದು ಕೂಗುತ್ತೆ. ಅದು ಎಷ್ಟು ಮನೆ?”

ಮೇಲೆ ಇದ್ದವಳು ಅವಳ ಅಕ್ಕ, ಗಂಡ ತೀರಿಕೊಂಡ ಮೇಲೆ ಬಂದವಳು. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಹಾವು ಮುಂಗುಸಿಯಾಗಿ, ಕೊನೆಗೆ ಅಕ್ಕ ಮಹಡಿಯಲ್ಲಿ ಬೇರೆ ಒಲೆ ಹೂಡಿದ್ದಳು. ಸ್ವಂತ ಒಲೆ ಇದ್ದರೆ ತಾನು ಯಾರ ಹಂಗಿನಲ್ಲೂ ಇಲ್ಲ ಎಂಬ ಸಮಾಧಾನ ಅವಳಿಗೆ. ಅವಳಿಗೆ ಉಳಿದಿದ್ದೂ ಅದೊಂದೇ. ಇವಳ ಗಂಡ ಮಾತ್ರ ಎರಡೂ ಕಡೆ ಉಂಡು ಹೊಟ್ಟೆ ಬೆಳೆಸಿಕೊಂಡಿದ್ದ. ಊರಿನ ಬಾಗಿಲುಗಳನ್ನೆಲ್ಲ ಒರೆಗೆ ಹಚ್ಚಿದ ಈ ಪುಣ್ಯಾತ್ಗಿತ್ತಿ ತನ್ನ ಬಾಗಿಲ ಮುಂದೆ ನಿಂತೇ ಇರಲಿಲ್ಲ. ಅವಳ ಮಟ್ಟಿಗೆ ಅದು ಅಕ್ಕನ ಕೋಣೆ, ಅಷ್ಟೆ.

ಅಧ್ಯಕ್ಷರು ಕನಿಕರದಿಂದ ನೋಡಿದರು. “ಇರಲಿ ಬಿಡಿ. ಹತ್ತಿರದ ಸಂಬಂಧಿಕರಾದರೆ ಅಡ್ಡಿಯಿಲ್ಲ ಅಂತ ಸೇರಿಸಿಬಿಡೋಣ. ನಿಮಗೂ ಅನುಕೂಲ.”

ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ಗುತ್ತಿಗೆದಾರ. ಅವಳಿಗೆ ಥಟ್ಟನೆ ಅರ್ಥವಾಯಿತು. ನಾಳೆಯಿಂದ ಅವನ ಬಾಡಿಗೆದಾರರೆಲ್ಲ ಅವನಿಗೆ ಚಿಕ್ಕಪ್ಪ, ಸೋದರತ್ತೆ, ಷಡ್ಡಕ ಆಗುತ್ತಾರೆ. ಹೂಂ ಅಂದರೆ ಅಕ್ಕನ ಒಲೆ ಉಳಿಯುತ್ತದೆ.

“ಬೇಡ ಸರ್,” ಎಂದಳು. “ನಮ್ಮದು ಈಗ ಎರಡು ಮನೆ, ತಪ್ಪು ನಂದೇ. ಸರಿ ಮಾಡ್ಕೋತೀನಿ. ವಾಕ್ಯ ಹಾಗೇ ಇರಲಿ.”

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಅಕ್ಕ ಮೆಟ್ಟಿಲ ತುದಿಯಲ್ಲೇ ಕೂತಿದ್ದಳು.

“ಊರಿಗೆಲ್ಲ ನ್ಯಾಯ ಹೇಳಿ ಬಂದ್ಯಾ? ಇನ್ಮೇಲೆ ನಾನು ತಟ್ಟೆ ಹಿಡ್ಕೊಂಡು ಕೆಳಗೆ ಬಂದು ನಿನ್ನ ಕೈ ಕಾಯ್ಬೇಕು. ಅದರ ಬದಲು ಎಲ್ಲಾದರೂ ಒಂದು ರೂಮು ನೋಡ್ಕೋತೀನಿ.”

“ಅಕ್ಕಾ, ಆ ಸುಟ್ಟ ಮೆಟ್ಟಿಲು ನೀನು ನೋಡಿಲ್ಲ.”

“ನೋಡಿಲ್ಲ. ನೀನು ನನ್ನ ಮುಖ ನೋಡಿದ್ದೀಯಾ?”

ನೋಡಿರಲಿಲ್ಲ. ಅದನ್ನು ನೆನೆದು ಅವಳಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಅಡುಗೆಮನೆಗೆ ಹೋಗಿ ಸಿಲಿಂಡರ್ ಬಂದ್ ಮಾಡಿದಳು. ನಳಿಕೆ ಬಿಚ್ಚಿದಳು. ಒಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿತ್ತಲ ಕೋಣೆಗೆ ಸಾಗಿಸಿದಳು.

“ಏನೇ ಇದು?” ಎಂದ ಗಂಡ ಗಾಬರಿಯಿಂದ. “ನಮ್ಮ ಒಲೆ ಅಲ್ವೇ ಅದು?”

“ಒಂದು ಹೋಗ್ಬೇಕಿತ್ತು,” ಎಂದಳು.

ಬೇಳೆ ಡಬ್ಬಿಗಳನ್ನು ಬುಟ್ಟಿಗೆ ತುಂಬಿಕೊಂಡು ಮಹಡಿ ಹತ್ತಿದಳು. ಅಕ್ಕ ಬಾಗಿಲಿಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದಳು. ಒಳಗೆ ಕಾಲಿಡಲು ಧೈರ್ಯ ಸಾಲದೆ ಇವಳು ಹೊಸ್ತಿಲಾಚೆಯೇ ನಿಂತಳು.

“ಏನು ಹೆಚ್ಚಿಕೊಡಲಿ, ಅಕ್ಕಾ?”

ಅಕ್ಕ ತಿರುಗಲಿಲ್ಲ. ಈರುಳ್ಳಿ ಬುಟ್ಟಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು.

“ಸಣ್ಣಗೆ ಹೆಚ್ಚು,” ಎಂದಳು. “ನಿನ್ನ ಥರ ದಪ್ಪ ದಪ್ಪ ಬೇಡ.”