ಫೋನಕ್ಕ ಬರೆಯದೆ ಬಿಟ್ಟ ಲಕೋಟೆ

ಅಲ್ಲ, ಅವಳಿಗೆ ಫೋನಕ್ಕ ಅಂತ ಹೆಸರು ಬಿದ್ದದ್ದು ಹರಟೆಯ ಚಟದಿಂದಲ್ಲ, ಅದನ್ನು ಮೊದಲೇ ಹೇಳಬೇಕಿತ್ತು. ನೀರು ಸರಬರಾಜು ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಲಕೋಟೆಗಳ ಮೇಲೆ ವಿಳಾಸ ಬರೆಯುವುದೇ ಅವಳ ಕೆಲಸ. ಗಂಡಸರದ್ದು ಸಲೀಸು, ‘ಶ್ರೀ’ ಅಂತ ಗೀಚಿದರೆ ಮುಗಿಯಿತು. ಹೆಂಗಸರ ಹೆಸರು ಬಂತೋ, ಪೆನ್ನು ಕೆಳಗಿಟ್ಟು ಫೋನು ಎತ್ತುತ್ತಾಳೆ.

“ಅಮ್ಮಾ, ನೀರಿನ ಆಫೀಸಿಂದ. ನಿಮ್ಮನ್ನ ಏನಂತ ಬರೀಲಿ? ಶ್ರೀಮತಿನಾ, ಕುಮಾರಿನಾ?”

ಕೆಲಸಕ್ಕೆ ಸೇರಿದ ವರ್ಷ, ಗಂಡನನ್ನು ಬಿಟ್ಟು ಬಂದಿದ್ದ ಟೈಲರಮ್ಮ ಒಬ್ಬಳಿಗೆ ಕೇಳದೆ ‘ಶ್ರೀಮತಿ’ ಅಂತ ಬರೆದಿದ್ದಳು. ಆಕೆ ಲಕೋಟೆ ಹಿಡಿದು ಕಿಟಕಿಗೇ ಬಂದಳು.

“ಇದನ್ನ ಕಳಚಿಕೊಳ್ಳೋಕೆ ನಂಗೆ ಆರು ವರ್ಷ ಬೇಕಾಯ್ತು ಕಣಮ್ಮ. ನೀನು ಅರ್ಧ ನಿಮಿಷದಲ್ಲಿ ತಗುಲಿಸಿಬಿಟ್ಟೆ.”

ಅವತ್ತಿನಿಂದ ಕೇಳದೆ ಬರೆದದ್ದಿಲ್ಲ. ಮದುವೆಯಾಗದ ಅರವತ್ತರ ಲಾಯರಮ್ಮ, “ಕುಮಾರಿ ಅಂತ ಬರೆದ್ರೆ ಪೋಸ್ಟ್‌ಮ್ಯಾನು ನನ್ನ ಕೈಗೇ ಕೊಟ್ಟು, ಮೊಮ್ಮಗಳಿಗೆ ಕೊಡಿ ಅಜ್ಜಿ ಅಂತಾನೆ. ವಕೀಲರು ಅಂತ್ಲೇ ಹಾಕು” ಅಂದಿದ್ದಳು. ಪಕ್ಕದ ಮೇಜಿನ ಗುಮಾಸ್ತನಿಗೋ ದಿನಾ ಅದೇ ಕಿಚಾಯಿಸುವಿಕೆ: “ಏನ್ ಫೋನಕ್ಕ, ವಿಳಾಸ ಬರೀತೀರೋ, ಸಂಬಂಧ ಕುದುರಿಸ್ತೀರೋ?”

ಐದು ತಿಂಗಳ ಹಿಂದೆ ಅವಳ ಗಂಡ ತೀರಿಕೊಂಡ. ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಏಳಲಿಲ್ಲ. ಎರಡು ವಾರಕ್ಕೆ ಅವಳು ಕೆಲಸಕ್ಕೆ ಬಂದಳು, ಅಳಲಿಲ್ಲ. ಕಲ್ಲೆದೆ ಅಂದರು ಕಚೇರಿಯವರು. ಕಲ್ಲೂ ಅಲ್ಲ. ಜೋಮು ಹಿಡಿದ ಕಾಲನ್ನು ಮುಟ್ಟಿದರೆ ಬೇರೆ ಯಾರದ್ದೋ ಕಾಲು ಅನ್ನಿಸುತ್ತದಲ್ಲ, ಅವಳಿಗೆ ಇಡೀ ಮೈ ಹಾಗಾಗಿತ್ತು. ಕೆನೆಗಟ್ಟಿದ ಚಹಾವನ್ನು ಹಾಗೇ ಕುಡಿಯುತ್ತಿದ್ದಳು.

ಮನೆಯ ನಲ್ಲಿ ಗಂಡನ ಹೆಸರಲ್ಲಿತ್ತು. ತಂಗಿಯ ಕಾಟಕ್ಕೆ ತನ್ನ ಹೆಸರಿಗೆ ಅರ್ಜಿ ಹಾಕಿದ್ದಳು. ಮೂರು ವಾರದ ಹಿಂದೆ ಮಂಜೂರಾತಿ ಪತ್ರ ಅವಳ ಮೇಜಿಗೇ ಬಂತು. ಅದು ಟಪಾಲಿಗೆ ಬಿದ್ದ ದಿನದಿಂದ ನಲ್ಲಿ ಅವಳದು, ಬೀಳುವವರೆಗೆ ಅವನದು. ತಿಂಗಳೊಳಗೆ ಬೀಳದಿದ್ದರೆ ಅರ್ಜಿಯೇ ರದ್ದು.

ಅವಳು ನೋಡುತ್ತಾ ಕೂತದ್ದು ಕಂಡು ಗುಮಾಸ್ತನೇ ಲಕೋಟೆ ಬರೆದು ತಂದಿಟ್ಟ. ಬರೀ ಹೆಸರು, ಹಿಂದೆ ಮುಂದೆ ಏನಿಲ್ಲ.

“ಏನ್ ಹಾಕಿದ್ರೂ ನಿಮ್ಗೆ ನೋವಾಗುತ್ತೆ ಅಂತ ಏನೂ ಹಾಕಿಲ್ಲ ಅಕ್ಕ.”

“ಕೇಳಬಹುದಿತ್ತಲ್ಲ.”

“ಅದನ್ನ ಹೇಗೆ ಕೇಳೋದು?”

ಅವಳು ಆ ಲಕೋಟೆಯನ್ನು ಪಕ್ಕಕ್ಕಿಟ್ಟಳು. ಹೊಸದೊಂದು ತೆಗೆದು, ಮೊದಲ ಸಾಲಿನಲ್ಲಿ ಎರಡು ಬೆರಳಿನಷ್ಟು ಜಾಗ ಬಿಟ್ಟು ತನ್ನ ಹೆಸರು, ವಿಳಾಸ ಬರೆದಳು. ಅಭ್ಯಾಸಬಲ, ಅರ್ಜಿಯಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಅವಳ ಮನೆಯದೇ ನಂಬರು. ಯಾರೂ ಇಲ್ಲದ ಮನೆಯಲ್ಲಿ ಗಂಟೆ ಹೊಡೆದುಕೊಂಡಿತು. ತಾನಾಗಿ ಕಡಿದುಹೋಗುವವರೆಗೆ ಕಿವಿಗೆ ಹಿಡಿದೇ ಇದ್ದಳು. ಆಮೇಲೆ ಲಕೋಟೆಯನ್ನು ಡ್ರಾಯರಿಗೆ ಹಾಕಿ, ಮುಂದಿನ ಹೆಸರು ಎತ್ತಿಕೊಂಡಳು. ತಂಗಿ ಸಂಜೆ, “ಶ್ರೀಮತಿ ಅಂತ್ಲೇ ಹಾಕೇ, ಇನ್ನೇನು” ಅಂದಳು. ಅವಳೂ ಹೇಳಿದ್ದೇ ಹೊರತು ಕೇಳಲಿಲ್ಲ.

ಗಡುವಿಗೆ ಇನ್ನೂ ಒಂಬತ್ತು ದಿನವಿದೆ. ಒಮ್ಮೆ ಹೋಗಿ ಬನ್ನಿ. ಮೂರನೇ ಕಿಟಕಿ, ಕಂಬಿಯ ಹಸಿರು ಬಣ್ಣ ಎದ್ದಿದೆ. ಕೆಲಸ ಇಲ್ಲದಿದ್ದರೂ ನಿಂತುಕೊಂಡು, “ಅಕ್ಕಾ, ನಿಮ್ಮನ್ನ ಏನಂತ ಬರೀಬೇಕು?” ಅಂತ ಕೇಳಿ. ತಕ್ಷಣ ಹೇಳದಿದ್ದರೆ ಹೊರಟುಬಿಡಬೇಡಿ.